ಚೆಲುವಿಗೊಂದು ಕೋವಿ

ನಮ್ಮೂರಿಗೆ ಹೆಣ್ಣು ನೋಡಲು ಬಂದವರು ಮೊದಲು ನೋಡುವುದು ಹೆಣ್ಣನ್ನಲ್ಲ, ಬಾಗಿಲನ್ನು. ಬಾಗಿಲ ತುಂಬ ತೂತಿದ್ದರೆ ಆ ಮನೆಯವರಿಗೆ ಗುರಿ ಇಲ್ಲ ಎಂದರ್ಥ. ಒಂದೂ ತೂತಿಲ್ಲದಿದ್ದರೆ ಹಳೆಯ ಬಾಗಿಲು ಬಿಚ್ಚಿ ಹೊಸದು ಹಾಕಿಸಿದ್ದಾರೆ ಎಂದರ್ಥ. ಅಂಥವರ ಜೊತೆ ಸಂಬಂಧ ಬೆಳೆಸಲು ಯಾರಿಗೂ ಧೈರ್ಯ ಬರುವುದಿಲ್ಲ. ತಪ್ಪಿದ ಗುಂಡು ಮರುದಿನ ಅದೇ ಹೊತ್ತಿಗೆ ಹೊಡೆದವರ ಮನೆ ಬಾಗಿಲಿಗೆ ಬರುತ್ತದಲ್ಲ, ಅದಕ್ಕೆ. ಬೇರೆ ಊರುಗಳಲ್ಲಿ ತಪ್ಪಿದ ಗುಂಡು ಎಲ್ಲಿಗೆ ಹೋಗುತ್ತದೋ ನನಗೆ ತಿಳಿಯದು. ನಮ್ಮಲ್ಲಿ ಮನೆಗೆ ಬರುತ್ತದೆ. ಹಾಗಾಗಿ ಬಾಗಿಲನ್ನು ದಪ್ಪ ಹಲಸಿನ ಹಲಗೆಯಲ್ಲಿ ಮಾಡಿಸುತ್ತೇವೆ, ಹೊತ್ತಿಗೆ ಸರಿಯಾಗಿ ಅಗುಳಿ ಹಾಕಿ ಒಳಗೆ ಗೋಡೆ ಮರೆಗೆ ಕೂರುತ್ತೇವೆ, ಠಪ್ಪೆಂದು ಸದ್ದಾದ ಮೇಲೆ ಎದ್ದು ನಮ್ಮ ನಮ್ಮ ಕೆಲಸಕ್ಕೆ ಹೋಗುತ್ತೇವೆ. ಶಾಲೆಗೆ ತಡವಾಗಿ ಬಂದ ಮಗು "ನಮ್ಮಪ್ಪನ್ ಗುಂಡು ಬರೋದಿತ್ತು ಸಾ" ಅಂದರೆ ಮೇಷ್ಟ್ರು ಮತ್ತೊಂದು ಮಾತಾಡದೆ ಒಳಗೆ ಕರೆದುಕೊಳ್ಳುತ್ತಾರೆ.

ಇದರಿಂದ ಯಾರೂ ಸಾಯಬೇಕಾಗಿಲ್ಲ. ಒಂದೇ ಒಂದು ಕಟ್ಟಳೆ ಪಾಲಿಸಿದರೆ ಸಾಕು. ಗುಂಡು ತಪ್ಪಿದ ಕೂಡಲೇ ಹೊಡೆದವರು ನಿಂತಲ್ಲೇ "ತಪ್ತು" ಎಂದು ನಾಲ್ಕು ಜನಕ್ಕೆ ಕೇಳುವ ಹಾಗೆ ಕೂಗಬೇಕು. ಆಗ ಹೊತ್ತು ಎಲ್ಲರ ನೆನಪಿನಲ್ಲಿರುತ್ತದೆ. ಹೇಳುವುದು ಸುಲಭ. ಮೀಸೆ ತಿರುವಿಕೊಂಡು ಹೋದ ಗಂಡಸಿಗೆ ಆ ಎರಡಕ್ಷರ ಗಂಟಲಿಂದ ಹೊರಡಿಸುವುದು ಎಷ್ಟು ಕಷ್ಟ ಎನ್ನುವುದು ನಮ್ಮೂರಿನ ಹೆಂಗಸರನ್ನು ಕೇಳಿದರೆ ಗೊತ್ತಾಗುತ್ತದೆ.

ಕೋವಿ ಇಲ್ಲದೆ ನಮಗೆ ಬದುಕೂ ಇಲ್ಲ. ಅವರೆ ಹೂ ಬಿಡುವ ಕಾಲಕ್ಕೆ ಗುಡ್ಡದ ಮೊಲಗಳೆಲ್ಲ ಹೊಲಕ್ಕೆ ಇಳಿಯುತ್ತವೆ. ಅವರೆ ಬಿತ್ತಿದ ಪ್ರತಿ ಮನೆಯೂ ಒಂದು ಕೋವಿ ಕಳಿಸಬೇಕು. ಕಳಿಸಲಾಗದ ಮನೆಯ ಹೊಲವನ್ನು ಬೇರೆಯವರು ಕಾಯುತ್ತಾರೆ, ಕಾದದ್ದಕ್ಕೆ ಅರ್ಧ ಬೆಳೆ ಒಯ್ಯುತ್ತಾರೆ, ಜೊತೆಗೆ ಒಂದಿಷ್ಟು ಮಾತನ್ನೂ ಬಿಟ್ಟು ಹೋಗುತ್ತಾರೆ. ನನ್ನ ಅಣ್ಣ ಜವರಯ್ಯನ ಮನೆಯಿಂದ ಹನ್ನೊಂದು ವರ್ಷ ಕೋವಿ ಹೊರಟಿರಲಿಲ್ಲ. ಆ ಮನೆಯಲ್ಲಿದ್ದವರು ಅತ್ತಿಗೆ ನಿಂಗಾಜಮ್ಮ ಮತ್ತು ಮಗಳು ಚೆಲುವಿ, ಇಬ್ಬರೇ.

ಅಣ್ಣ ಹೇಗೆ ಸತ್ತ ಎಂದು ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಒಂದು ಬೆಳಗ್ಗೆ ಅಣ್ಣತಮ್ಮ ಇಬ್ಬರೂ ಒಂದೇ ಮೊಲಕ್ಕೆ ಒಂದೇ ಉಸಿರಿಗೆ ಹೊಡೆದರು. ಮೊಲ ಬಿತ್ತು. ಅಣ್ಣ ನನ್ನದು ಅಂದ, ಮನೆಗೆ ತಂದ, ಸಾರು ಮಾಡಿಸಿದ. ಮರುದಿನ ಬೆಳಗ್ಗೆ ಹೊಸ್ತಿಲ ಮೇಲೆ ಕೂತು ಕಾಫಿ ಕುಡಿಯುತ್ತ, ಮೊಲ ಹೇಗೆ ನೆಗೆಯಿತು, ತಾನು ಹೇಗೆ ಹೊಡೆದೆ ಎಂದು ದಾರಿಹೋಕರಿಗೆ ಹೇಳುತ್ತಿದ್ದಾಗ ಅವನ ಗುಂಡು ಬಂತು. ಇನ್ನೊಬ್ಬರ ಮೊಲ ತನ್ನದೆಂದು ಹೇಳಿಕೊಂಡ, ಜಂಬಕ್ಕೆ ಸತ್ತ. ಅಂದಿನಿಂದ ಚೆಲುವಿ "ಸುಳ್ಳು ಮೊಲದೋನ ಮಗಳು" ಆದಳು. ಆಗ ಅವಳಿಗೆ ಐದು ವರ್ಷ.

ಊರು ಹೇಳದ ಒಂದು ವಿಷಯವಿದೆ, ಯಾಕೆಂದರೆ ಊರಿಗೆ ಅದು ಗೊತ್ತಿರಲಿಲ್ಲ. ಅಣ್ಣ ತಾನಾಗಿ ಆ ಮೊಲ ತನ್ನದು ಅಂದಿರಲಿಲ್ಲ. ಮೊಲದ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನನ್ನ ಮುಖ ನೋಡಿ, "ಯಾರ್ದ್ಲಾ ಕಾಳ? ನಿಂದಾ ನಂದಾ?" ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಆದರೆ ಆ ವರ್ಷವೆಲ್ಲ ಅವನ ಗುರಿ ಕೆಟ್ಟಿತ್ತು, ಬಾಗಿಲು ಜರಡಿಯಾಗಿತ್ತು, ಹೆಂಡತಿ ಮುಂದೆ ತಲೆ ಎತ್ತದಂತಾಗಿದ್ದ. "ನಿಂದೇ ಕಣಣ್ಣ, ನಾನು ಕಣ್ಣಾರೆ ನೋಡ್ದೆ" ಅಂದುಬಿಟ್ಟೆ. ಹಿರಿಯನಿಗೆ ಕೊಟ್ಟ ಒಂದು ಮರ್ಯಾದೆ, ಅಷ್ಟೇ. ಮರುದಿನ ಆ ಹೊತ್ತಿಗೆ ನಾನು ಮಾತ್ರ ನನ್ನ ಮನೆಯ ಅಗುಳಿ ಹಾಕಿಕೊಂಡು ಒಳಗೆ ಕೂತಿದ್ದೆ.

ಆ ಮಾತನ್ನು ಹನ್ನೊಂದು ವರ್ಷ ನುಂಗಿಕೊಂಡಿದ್ದೆ. ಕೋವಿ ಮುಟ್ಟುವುದು ಬಿಟ್ಟೆ. ತಮ್ಮನಿಗೆ ಅಣ್ಣನ ಮೇಲೆ ಎಷ್ಟು ಪ್ರೀತಿ ನೋಡಿ ಎಂದು ಊರು ಹೊಗಳಿತು, ನಾಚಿಕೆಗೆಟ್ಟವನ ಹಾಗೆ ಅದನ್ನೂ ಕೇಳಿಸಿಕೊಂಡೆ.

ಈ ಸಲ ಅವರೆ ಮೊಗ್ಗಾಗುವ ಹೊತ್ತಿಗೆ ಚೆಲುವಿಗೆ ಹದಿನಾರು ತುಂಬಿತು. ತುಂಬಿದ ಮರುದಿನವೇ ಬಂದು ನಮ್ಮ ಜಗುಲಿಯ ಮೇಲೆ ಕೂತಳು.

"ಚಿಕ್ಕಪ್ಪ, ನಂಗೊಂದು ಕೋವಿ ಆರಿಸ್ಕೊಡು."

"ನಾನು ಕೋವಿ ಮುಟ್ಟಿ ಯಾವ ಕಾಲ ಆಯ್ತವ್ವ. ಬೇರೆ ಯಾರ್ನಾದ್ರೂ ಕೇಳು."

"ಕೇಳ್ದೆ. ನೀನೂ ನಿಮ್ಮಪ್ಪನ್ ಥರಾ ಸುಳ್ಳು ಮೊಲ ತರ್ತೀಯೇನೆ ಅಂತ ನಗ್ತಾರೆ. ನೀನಾದ್ರೆ ನಗಾಕಿಲ್ಲ."

"ನಿಮ್ಮವ್ವ ಒಪ್ಪವ್ಳಾ?"

"ಮೊದ್ಲು ಇಲ್ಲ ಅಂದ್ಲು. ಒಪ್ಪೋಗಂಟ ಊಟ ಬಿಟ್ಟಿದ್ದೆ, ಎರಡ್ ದಿನಕ್ಕೆ ಒಪ್ಕೊಂಡ್ಲು. ಈ ಸಲ ನಮ್ಮ ಹೊಲ ನಾನೇ ಕಾಯೋದು. ಎಲ್ರ ಎದುರಿಗೇ ಮೊಲ ಹೊಡೀತೀನಿ. ಆಮೇಲೆ ಯಾವನ್ ಬಾಯಲ್ಲಿ ಆ ಮಾತು ಬತ್ತದೋ ನೋಡೇ ಬಿಡ್ತೀನಿ."

ಅವಳ ಮುಖ ನೋಡಿದರೆ ಇದು ಬಿಡುವ ಪಿಂಡವಲ್ಲ ಎಂದು ಗೊತ್ತಾಯಿತು. ಆದರೆ ನಮ್ಮಲ್ಲಿ ಮಕ್ಕಳಿಗೆ ಮೊದಲ ಕೋವಿ ಆರಿಸುವುದೆಂದರೆ ಅಂಗಡಿಗೆ ಹೋಗಿ ಬೆರಳು ತೋರಿಸಿ ಬರುವುದಲ್ಲ. ಆರಿಸಿದವನು ಮೊದಲ ಬೇಟೆಯಲ್ಲಿ ಮಗುವಿನ ಬಲಗಡೆ ಸಾಕ್ಷಿ ನಿಲ್ಲಬೇಕು. ಗುಂಡು ತಗುಲಿತೋ ತಪ್ಪಿತೋ ಹೇಳುವವನು ಅವನು. ತಪ್ಪಿದ್ದರೆ ಮರುದಿನ ಆ ಹೊತ್ತಿಗೆ ಅದೇ ಮನೆಯೊಳಗೆ ಅವರ ಜೊತೆ ಕೂರಬೇಕು. ಅಣ್ಣನ ಮಗಳ ಪಕ್ಕದಲ್ಲಿ ಸಾಕ್ಷಿ ನಿಲ್ಲಲು ಜಗತ್ತಿನಲ್ಲಿ ಅರ್ಹತೆ ಇಲ್ಲದವನು ಒಬ್ಬನಿದ್ದರೆ ಅದು ನಾನೇ. ಆದರೂ "ಹೂಂ, ನಡಿ" ಅಂದೆ.

ಮೊಹಿದ್ದೀನ್ ಸಾಬರ ಕೋವಿ ಅಂಗಡಿ ಕೆರೆ ಏರಿಯ ಕೆಳಗಿದೆ. ಸಾಬರು ಕನ್ನಡಕ ಏರಿಸಿ ಚೆಲುವಿಯನ್ನು ಕಾಲಿಂದ ತಲೆವರೆಗೆ ಅಳೆದರು. ಅಷ್ಟರಲ್ಲಿ ಅವಳೇ ಗೋಡೆಗೆ ಒರಗಿಸಿದ್ದ ಒಂದು ಕೋವಿಯ ಮುಂದೆ ಹೋಗಿ ನಿಂತಿದ್ದಳು. ಅದು ಅಣ್ಣನದು, ಮೊಲಕ್ಕೆ ಹೋಗುವಾಗ ಮಾತ್ರ ಅವನು ನನ್ನ ಸಣ್ಣ ಕೋವಿಗಳಲ್ಲೊಂದನ್ನು ಇಸಕೊಳ್ಳುತ್ತಿದ್ದ. ಅವನು ಹೋದ ಮೇಲೆ ಅತ್ತಿಗೆ ಅದನ್ನು ತಂದು ಅಲ್ಲಿ ಹಾಕಿ ಹೋಗಿದ್ದರು.

"ಇದೇ ಇರ್ಲಿ" ಅಂದಳು.

"ಎತ್ತಿ ನೋಡಮ್ಮಾ ಮೊದ್ಲು" ಅಂದರು ಸಾಬರು. ಎತ್ತಿದಳು. ಹೆಗಲಿಗೆ ಕೊಟ್ಟು ಹತ್ತು ಎಣಿಸುವಷ್ಟರಲ್ಲಿ ನಳಿಗೆಯ ತುದಿ ನಡುಗುತ್ತ ನೆಲ ನೋಡತೊಡಗಿತು. ಹಲ್ಲು ಕಚ್ಚಿ ಮತ್ತೆ ಎತ್ತಿದಳು, ಮತ್ತೆ ಇಳಿಯಿತು.

"ಅದು ಹಂದಿ ಹೊಡೆಯೋ ಕೋವಿ ಕಣವ್ವ" ಅಂದೆ. "ಮೊಲಕ್ಕೆ ಅದ್ರಲ್ಲಿ ಹೊಡೆದ್ರೆ ಕಿವಿ ಬಿಟ್ಟು ಬೇರೇನೂ ಸಿಗಲ್ಲ. ತಪ್ಪಿದ್ರೆ ಅದೇ ಗುಂಡು ತಾನೇ ಮನೆಗೆ ಬರೋದು? ಹೆಬ್ಬೆರಳ ಗಾತ್ರದ್ದು. ನಿಮ್ಮ ಬಾಗ್ಲು ಹಳೇದು, ತಡ್ಕೊಳ್ಳಾಕಿಲ್ಲ."

ಬಾಯಿ ಮುಚ್ಚಿ ಕೂರಬೇಕು ಅಂದುಕೊಂಡು ಹೋದವನು ನಾನು. ಕೋವಿ ಕೈಗೆ ಬಂದ ಕೂಡಲೇ ಹಳೆಯ ಚಾಳಿ ಎದ್ದು ಕೂತಿತು. ಸಾಬರು ಮುಂದಿಟ್ಟದ್ದನ್ನೆಲ್ಲ ಒಂದೊಂದಾಗಿ ತಳ್ಳಿಹಾಕಿದೆ. ಚರೆ ಕೋವಿ ಬೇಡ, ಒಂದು ತೋಟೆಯೊಳಗೆ ನೂರು ಸೀಸದ ಚರೆ ಇರುತ್ತವೆ, ಮೊಲಕ್ಕೆ ನಾಲ್ಕು ತಗುಲಿದರೂ ಮಿಕ್ಕ ತೊಂಬತ್ತಾರು ಮರುದಿನ ನೆಂಟರ ಹಾಗೆ ಮನೆಗೆ ಬರುತ್ತವೆ. ಒಂದೇ ಸಲಕ್ಕೆ ಹತ್ತು ತೋಟೆ ತುಂಬುವ ರೈಫಲ್ಲೂ ಬೇಡ. ಅದರಲ್ಲಿ ಮೊದಲನೆಯದು ತಪ್ಪಿತು ಎನ್ನುವ ಚಿಂತೆಯೇ ಇರುವುದಿಲ್ಲ, ಇನ್ನೊಂಬತ್ತು ಇದೆಯಲ್ಲ ಎಂದು ಬೆರಳು ಓಡುತ್ತದೆ. ಮೇಲಿನ ಬೀದಿಯ ಹೊಸ ಅಳಿಯ ಒಬ್ಬ ಒಂದೇ ಮೊಲಕ್ಕೆ ಹತ್ತೂ ಹಾರಿಸಿ, ಮರುದಿನ ಬೀಗರೂಟದ ಹೊತ್ತಿಗೆ ಹತ್ತೂ ಬಂದು, ಎಲೆ ಮುಂದೆ ಕೂತ ಬೀಗರೆಲ್ಲ ಪಾಯಸ ಬಿಟ್ಟು ಉಗ್ರಾಣಕ್ಕೆ ನುಗ್ಗಿದ್ದನ್ನು ಸಾಬರು ನೆನಪಿಸಿ ನಕ್ಕರು.

ಕೊನೆಗೆ ಉಳಿದದ್ದು ಇಪ್ಪತ್ತೆರಡರ ಸಣ್ಣ ನಳಿಗೆಯ ರೈಫಲ್, ಒಂಟಿ ತೋಟೆಯದು. ಅದರ ಗುಂಡು ಹುರುಳಿಕಾಳಿಗಿಂತ ಸ್ವಲ್ಪ ದೊಡ್ಡದು. ಒಂದು ಹಾಕು, ಒಂದು ಹೊಡಿ, ತೆಗೆ, ಮತ್ತೊಂದು ಹಾಕು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಗುರು ಇಲ್ಲ. ಅದರ ಮರದ ಬುಡವನ್ನು ಚೆಲುವಿಯ ಮೊಣಕೈ ಮಡಿಕೆಗೆ ಇಟ್ಟು, ಬೆರಳು ಗುಂಡು ಹಾರಿಸಲು ಎಳೆಯುವ ಕುದುರೆಗೆ ಸಿಕ್ಕುತ್ತದೋ ನೋಡಿದೆ. ಎರಡು ಬೆರಳಗಲ ಸಾಲಲಿಲ್ಲ. ಸಾಬರು ಅಷ್ಟು ಮರ ಕೊಯ್ದು, ಗರಗಸದ ಪುಡಿ ಊದಿ, ಮತ್ತೆ ಅವಳ ಕೈಗಿಟ್ಟರು. ಈಗ ಹೆಗಲಿಗೆ ಬಂದು ಸರಿಯಾಗಿ ಕೂತಿತು. ಹಿತ್ತಲಲ್ಲಿ ಮಣ್ಣಿನ ದಿಬ್ಬವಿತ್ತು. ಆ ದಿಬ್ಬವೇ ನಿನ್ನ ಗುರಿ ಅಂದುಕೊಂಡು ಹೊಡೆ ಅಂದರು ಸಾಬರು. ಅಷ್ಟು ದೊಡ್ಡ ದಿಬ್ಬಕ್ಕೆ ಯಾರು ಹೊಡೆದರೂ ತಪ್ಪುವುದಿಲ್ಲ, ಯಾರ ಬಾಗಿಲಿಗೂ ತೊಂದರೆಯಿಲ್ಲ. ಸಾಬರು ಬುದ್ಧಿವಂತರು.

ಹನ್ನೆರಡು ತೋಟೆ ಹೊಡೆದ ಮೇಲೆ ಚೆಲುವಿ ಕೋವಿ ತೊಡೆಯ ಮೇಲಿಟ್ಟುಕೊಂಡು ಕಲ್ಲಿನ ಮೇಲೆ ಕೂತಳು. ಸಾಬರು ಒಳಗಿದ್ದರು.

"ಚಿಕ್ಕಪ್ಪ, ಹೊಡೆದೋರಿಗೆ ಗೊತ್ತಾಗಲ್ವಾ? ತಗುಲ್ತೋ ತಪ್ತೋ ಅಂತ?"

"ಕೆಲವು ಸಲ ಗೊತ್ತಾಗಲ್ಲ."

"ಅಪ್ಪನಿಗೆ ಗೊತ್ತಿತ್ತಾ?"

ಆ ಗಳಿಗೆಯಲ್ಲಿ ಅವಳು ನನ್ನ ಮುಖ ನೋಡಿದ ರೀತಿ ಅಣ್ಣ ನೋಡಿದ ಹಾಗೇ ಇತ್ತು. ಇನ್ನು ನುಂಗಲು ಗಂಟಲಲ್ಲಿ ಜಾಗವಿರಲಿಲ್ಲ. ಹೇಳಿದೆ. ಅವನು ಕೇಳಿದ್ದು, ನಾನು ಕಣ್ಣಾರೆ ನೋಡಿದೆ ಎಂದು ಸುಳ್ಳು ಹೇಳಿದ್ದು, ಮರುದಿನ ನಾನು ಒಳಗೆ ಕೂತದ್ದು, ನನ್ನ ಬಾಗಿಲಿಗೆ ಏನೂ ಬರದೆ 'ಹಾಗಾದರೆ ಮೊಲ ನನ್ನದೇ' ಎಂದು ಒಂದು ಕ್ಷಣ ಒಳಗೊಳಗೇ ಹಿಗ್ಗಿದ್ದು, ಆ ಹಿಗ್ಗು ಮುಗಿಯುವ ಮುಂಚೆಯೇ ಬೀದಿಯ ಆ ತುದಿಯಿಂದ ಅತ್ತಿಗೆಯ ಚೀತ್ಕಾರ ಕೇಳಿದ್ದು, ಎಲ್ಲವನ್ನೂ.

ಚೆಲುವಿ ಅಳಲಿಲ್ಲ. ಕೋವಿಯ ನಳಿಗೆಯನ್ನು ಸೆರಗಿನಿಂದ ಒರೆಸಿದಳು.

"ನಿಂಗೆ ಅನುಮಾನ ಇತ್ತು ಅಂತಾಯ್ತು. ಅದಕ್ಕೇ ಅಗುಳಿ ಹಾಕ್ಕೊಂಡೆ."

"ಹೂಂ."

"ಓಡಿ ಬಂದು ಅಪ್ಪನಿಗೂ ಅಗುಳಿ ಹಾಕ್ಕೊ ಅನ್ನಬೋದಿತ್ತು."

"ಅಂದಿದ್ರೆ ನಾನು ಸುಳ್ಳು ಹೇಳಿದ್ದು ಗೊತ್ತಾಗೋದು. ಬೇಜಾರು ಮಾಡ್ಕೊತಾನೆ ಅಂತ..." ಎಂದು ಶುರುಮಾಡಿ ನಿಲ್ಲಿಸಿದೆ. ಆ ಮಾತು ನನ್ನ ಕಿವಿಗೇ ಹೇಸಿಗೆಯಾಗಿ ಕೇಳಿಸಿತು.

ಅವಳು ಎದ್ದು ನಿಂತಳು. "ಕೋವಿ ಇದೇ ಇರ್ಲಿ. ಸಾಕ್ಷಿನೂ ನೀನೇ ನಿಲ್ಲು. ಆದ್ರೆ ಇವತ್ತೇ ಅವ್ವನ ಮುಂದೆ ಹೇಳ್ಬೇಕು. ಬೇಟೆ ದಿನ ಊರ ಮುಂದೆ ಹೇಳ್ಬೇಕು. ಹೇಳ್ದಿದ್ರೆ ನಾನೇ ಹೇಳ್ತೀನಿ, ಆಗ ನಿನ್ನ ಚಿಕ್ಕಪ್ಪ ಅಂತ ಕರೆಯಾಕಿಲ್ಲ."

ಅತ್ತಿಗೆ ಒಲೆ ಮುಂದೆ ಇದ್ದರು. ನಾನು ಬಾಗಿಲ ಬಳಿಯೇ ನಿಂತು ಹೇಳಿದೆ, ಕೂತು ಹೇಳುವ ಧೈರ್ಯವಾಗಲಿಲ್ಲ. ಅವರು ಬೈಯಬಹುದು, ಊದುಕೊಳವೆ ಎತ್ತಿ ಹೊಡೆಯಬಹುದು ಅಂದುಕೊಂಡಿದ್ದೆ, ಹೊಡೆದಿದ್ದರೆ ಚೆನ್ನಾಗಿತ್ತು. ಅವರು ಒಲೆಯಿಂದ ಸೌದೆ ಹೊರಗೆಳೆದು ನೀರು ಚಿಮುಕಿಸಿ ಆರಿಸಿದರು.

"ಹನ್ನೊಂದ್ ವರ್ಷ ಆ ಮನ್ಸನಿಗೆ ಬೈಕೊಂಡೇ ಬದುಕ್ದೆ ಕಣಪ್ಪ" ಅಂದರು. "ಹಬ್ಬಕ್ಕೆ ಎಡೆ ಇಡುವಾಗ್ಲೂ ಬೈತಿದ್ದೆ. ಒಂದು ಮೊಲಕ್ಕೆ, ಒಂದು ಜಂಬಕ್ಕೆ ನಮ್ಮಿಬ್ರನ್ನ ಬಿಟ್ಟೋದ್ಯಲ್ಲ, ನೀನೂ ಒಂದು ಗಂಡಸಾ ಅಂತ. ಸತ್ತೋನಿಗೆ ಬೈದೆ. ಆ ಬೈಗುಳನೆಲ್ಲ ಈಗ ನಾನು ಎಲ್ಲಿ ಇಟ್ಕೊಳ್ಳಿ? ಹೊರಟೋಗು ಕಾಳ. ನನ್ ಕಣ್ಮುಂದೆ ನಿಲ್ಬೇಡ."

ನಾನು ಹೊರಬಂದೆ. ಅಂದು ಆ ಮನೆಯಲ್ಲಿ ಮತ್ತೆ ಒಲೆ ಹಚ್ಚಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ನಾಲ್ಕು ದಿನಕ್ಕೆ ಮೊದಲ ಬೇಟೆ. ಅವರೆ ಹೊಲದ ಬದುವಿನ ಮೇಲೆ ಊರೆಲ್ಲ ಸೇರಿತ್ತು. ಇಳಿಹೊತ್ತು. ಹೊಸ ಕೋವಿ ಹಿಡಿದವರನ್ನು ಮುಂದೆ ನಿಲ್ಲಿಸಿ ಪಟೇಲರು "ಯಾರ ಮಗು ಇದು?" ಎಂದು ಕೇಳುವುದು ಪದ್ಧತಿ, ಸಾಕ್ಷಿ ಉತ್ತರ ಹೇಳುವುದು ಪದ್ಧತಿ. ಕೇಳಿದರು.

"ಜವರಯ್ಯನ ಮಗಳು" ಅಂದೆ. ಹಿಂದೆ ಯಾರೋ ಕಿಸಕ್ಕೆಂದರು. ಚೆಲುವಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಗಂಟಲು ಸರಿಮಾಡಿಕೊಂಡು ಎಲ್ಲವನ್ನೂ ಹೇಳಿದೆ. ಒಂದು ಮಾತನ್ನೂ ಒರೆಸಿ ಮೆತ್ತಗೆ ಮಾಡಲಿಲ್ಲ. ನನ್ನಣ್ಣ ಸುಳ್ಳುಗಾರನಲ್ಲ, ಅವನು ನನ್ನನ್ನು ನಂಬಿ ಸತ್ತ, ಸುಳ್ಳು ಮೊಲ ಯಾರದಾದರೂ ಇದ್ದರೆ ಅದು ನನ್ನದು ಅಂದೆ.

ಗುಂಪಿನಿಂದ ಒಬ್ಬ ಮುದುಕ, "ಈಗ್ಯಾಕ್ ಹೇಳ್ತೀಯಪ್ಪ? ಸತ್ತೋನು ಎದ್ ಬತ್ತಾನಾ?" ಅಂದ.

"ಬರಾಕಿಲ್ಲ. ಅವನ ಮಗಳು ಇಲ್ಲೇ ನಿಂತವ್ಳಲ್ಲ" ಅಂದೆ.

ಅಷ್ಟರಲ್ಲಿ ಮೊಲ ಎದ್ದಿತು. ಮೊಲಕ್ಕೆ ನಮ್ಮ ಮಾತು ಮುಗಿಯುವವರೆಗೆ ಕಾಯುವ ಮರ್ಯಾದೆ ಎಲ್ಲಿಂದ ಬರಬೇಕು? ಸಾಲಿನ ತುದಿಯಲ್ಲಿ ಕಿವಿ ನಿಮಿರಿಸಿ ಕೂತಿತ್ತು. ಚೆಲುವಿ ಮಂಡಿಯೂರಿದಳು, ಉಸಿರು ಹಿಡಿದಳು, ಹೊಡೆದಳು. ಮೊಲ ಮೇಲಕ್ಕೆ ನೆಗೆದು ಬದುವಿನಾಚೆ ಕಾರೆ ಪೊದೆಯೊಳಗೆ ಬಿತ್ತು. ಬಿತ್ತೋ ಹಾರಿತೋ, ಕಷ್ಟವಿರುವುದೇ ಅಲ್ಲಿ. ಆಗ ಐದು ಗಂಟೆ ಇಪ್ಪತ್ತು ನಿಮಿಷ.

"ಬಿತ್ತು! ಬಿತ್ತು!" ಎಂದು ಇಡೀ ಬದು ಕೂಗಿತು. ಹನ್ನೊಂದು ವರ್ಷ ಆಡಿಕೊಂಡ ಬಾಯಿಗಳೇ ಎಲ್ಲಕ್ಕಿಂತ ಜೋರಾಗಿ ಕೂಗಿದವು. ಪಾಪ, ಅವರಿಗೂ ಏನಾದರೂ ಕೊಟ್ಟು ಋಣ ತೀರಿಸಿಕೊಳ್ಳಬೇಕಿತ್ತು, ಕೈಗೆ ಸಿಕ್ಕಿದ್ದು ಒಂದು ಮೊಲ. "ಅಪ್ಪನ ಹೆಸರು ಉಳಿಸಿದ್ಲು ಕಣ್ರೋ!" ಎಂದು ಹೆಂಗಸರು ಕಣ್ಣೊರೆಸಿಕೊಂಡರು. ಹುಡುಗರು ಪೊದೆಗೆ ನುಗ್ಗಿ ಮುಳ್ಳು ಗೀರಿಸಿಕೊಂಡು ಹುಡುಕಿದರು. ಸಿಗಲಿಲ್ಲ. "ಬಿಲ ಸೇರಿ ಸತ್ತಿರ್ತದೆ, ಬಿಡಿ" ಅಂದರು ಪಟೇಲರು. "ಹೊಡೆದಂಗೇ ಲೆಕ್ಕ. ನಾಳೆ ಇದೇ ಹೊತ್ತಿಗೆ ಹುಡುಗೀನ ಹೊಸ್ತಿಲ ಮೇಲೆ ಕೂರ್ಸಿ ಆರತಿ ಎತ್ತಾನ." ಮೊದಲ ಬೇಟೆ ಹೊಡೆದವರಿಗೆ ಹಾಗೆ ಆರತಿ ಎತ್ತುವುದು ನಮ್ಮಲ್ಲಿ ಉಂಟು.

ಚೆಲುವಿ ಯಾರ ಮಾತನ್ನೂ ಕೇಳಿಸಿಕೊಳ್ಳದೆ ನನ್ನ ಕಡೆ ತಿರುಗಿದಳು. ಕೆನ್ನೆ ಕೆಂಪಾಗಿತ್ತು. ತಗುಲಿರಲಿ ಎಂದು ಆ ಮಗುವಿನ ಮೈಯೆಲ್ಲ ಬೇಡುತ್ತಿತ್ತು.

"ತಗುಲ್ತಾ ಚಿಕ್ಕಪ್ಪ?"

ಸತ್ಯ ಹೇಳುತ್ತೇನೆ, ತಗುಲಿತು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಊರಿಗೂ ಅದೇ ಬೇಕು, ಅವಳಿಗೂ ಅದೇ ಬೇಕು, ನನಗೆ ಎಲ್ಲರಿಗಿಂತ ಹೆಚ್ಚಾಗಿ ಬೇಕು. ಮನುಷ್ಯ ಕಲಿಯುವುದು ಎಷ್ಟು ನಿಧಾನ!

"ಗೊತ್ತಿಲ್ಲ ಮಗಳೇ" ಅಂದೆ. "ನಂಗೆ ಕಾಣ್ಲಿಲ್ಲ."

ಅವಳ ಮುಖ ಬಾಡಿತು. ಆಮೇಲೆ ಪಟೇಲರ ಕಡೆ ತಿರುಗಿ, "ಆರತಿ ಬೇಡ. ಸಾಕ್ಷಿಗೆ ಗೊತ್ತಿಲ್ಲ ಅಂದ್ಮೇಲೆ ನಂಗೂ ಗೊತ್ತಿಲ್ಲ. ನಾಳೆ ಅಗುಳಿ ಹಾಕ್ಕೊಂಡು ಒಳಗೇ ಕೂತಿರ್ತೀವಿ" ಅಂದಳು. ಊರಿನವರಿಗೆ ಬೇಸರವಾಯಿತು. ಗೌರವ ಕೊಟ್ಟರೂ ಬೇಡ ಅನ್ನುತ್ತಾಳೆ, ಅಪ್ಪನಿಗಿಂತ ಜಂಬ ಇವಳಿಗೆ ಎಂದು ಒಬ್ಬಿಬ್ಬರು ಗೊಣಗಿದ್ದೂ ಕೇಳಿಸಿತು.

ಮರುದಿನ ಐದು ಗಂಟೆಗೆ ಅಣ್ಣನ ಮನೆಗೆ ಹೋದೆ. ಅತ್ತಿಗೆ ಬಾಗಿಲು ತೆಗೆದರು. ಪದ್ಧತಿ ಎಂದು ಒಳಗೆ ಬಿಟ್ಟರೇ ಹೊರತು ನನ್ನ ಮುಖಕ್ಕಲ್ಲ. ಚೆಲುವಿ ಅಗುಳಿ ಹಾಕಿದಳು. ಮೂವರೂ ಗೋಡೆಗೊರಗಿ ಕೂತೆವು. ಬೀದಿಯಲ್ಲಿ ಜನ ಎದುರು ಮನೆಗಳ ಮರೆಯಲ್ಲಿ ನಿಂತು ಕಾಯುತ್ತಿದ್ದರು, ಪಿಸುಮಾತು ಕೇಳುತ್ತಿತ್ತು. ಐದೂ ಹತ್ತಾಯಿತು. ಐದೂ ಹದಿನೆಂಟಾಯಿತು. ಚೆಲುವಿ ಕಣ್ಣು ಮುಚ್ಚಿಕೊಂಡಿದ್ದಳು. ಐದೂ ಇಪ್ಪತ್ತು.

ಠಪ್.

ಸಣ್ಣ ಗುಂಡು, ಸಣ್ಣ ಸದ್ದು. ಹೊಸ್ತಿಲಿಂದ ಒಂದೂವರೆ ಅಡಿ ಮೇಲೆ ಹಲಗೆ ಒಳಕ್ಕೆ ಬಿರುಕುಬಿಟ್ಟಿತು, ಹೊಸ್ತಿಲ ಮೇಲೆ ಕೂತವರ ಎದೆ ಎಲ್ಲಿ ಬರುತ್ತದೋ ಸರಿಯಾಗಿ ಅಲ್ಲಿ. ನಾನು ಆರತಿ ತಟ್ಟೆಯನ್ನು ನೆನೆಸಿಕೊಂಡೆ. ಅತ್ತಿಗೆಯೂ ಅದನ್ನೇ ನೆನೆಸಿಕೊಂಡಿರಬೇಕು. ಮಗಳನ್ನು ಬಾಚಿ ತಬ್ಬಿಕೊಂಡು, ಬೆನ್ನು, ತಲೆ, ಕೆನ್ನೆ ಎಲ್ಲ ತಡವುತ್ತ ಗೊಳೋ ಎಂದು ಅತ್ತರು. ಗಂಡ ಸತ್ತಾಗಲೂ ಅವರು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ.

ಚೆಲುವಿ ಮೆಲ್ಲಗೆ ಬಿಡಿಸಿಕೊಂಡು ಬಾಗಿಲು ತೆಗೆದಳು. ಬೀದಿಯಲ್ಲಿ ಊರೆಲ್ಲ ಬಾಯಿ ತೆರೆದುಕೊಂಡು ನಿಂತಿತ್ತು. ಅವಳು ಹೊಸ್ತಿಲಲ್ಲಿ ನಿಂತು, ಆ ತುದಿಯ ಮನೆಗೂ ಕೇಳುವ ಹಾಗೆ "ತಪ್ತು!" ಎಂದು ಕೂಗಿದಳು. ಒಬ್ಬರೂ ನಗಲಿಲ್ಲ. ಆಮೇಲೆ ಚಾಕು ತಂದು ಗುಂಡನ್ನು ಕೆದಕಿ ತೆಗೆದು, ಕಿಟಕಿಯ ಮೇಲಿಟ್ಟು, ಕೋವಿ ಹೆಗಲಿಗೇರಿಸಿದಳು.

"ಇನ್ನೂ ಬೆಳಕೈತೆ. ಬಾ ಚಿಕ್ಕಪ್ಪ, ಹೊಲಕ್ಕೆ ಹೋಗಾನ."

ನಾನು ಎದ್ದೆ. ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಕಡೆ ನೋಡದೆ ಒಲೆಯ ಕಡೆ ಹೊರಟರು.

"ಮೊಲ ಎಲ್ಲೂ ಹೋಗಾಕಿಲ್ಲ. ಕೂತ್ಕೊಳ್ಳಿ ಇಬ್ರೂ" ಅಂದರು. "ಮುದ್ದೆ ಆಗೈತೆ."

ಅವರು ನನ್ನನ್ನು ಕ್ಷಮಿಸಿದರೋ ಇಲ್ಲವೋ ನಾನು ಕೇಳಲಿಲ್ಲ, ಕೇಳುವ ಹಕ್ಕೂ ನನಗಿಲ್ಲ. ಎರಡು ತಟ್ಟೆ ಇಟ್ಟರು. ತಲೆ ತಗ್ಗಿಸಿಕೊಂಡು ಕೂತು ಉಂಡೆ.